ಹೊಗಳಬಾರದ ಮಗು

ದುದ್ದ ಎಂಬ ಹಳ್ಳಿಯ ಆ ಮನೆಯಲ್ಲಿ ಪುಷ್ಪಾವತಿಯನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಅಜ್ಜಿಯ ಬಾಯಲ್ಲಿ ಅವಳು ಮೂದೇವಿ, ಅವಳ ತಮ್ಮ ಕೋಣ, ಕೊನೆಯದು ಬರೀ ಪೀಡೆ. ದಾರಿಯಲ್ಲಿ ಹೋಗುವವರು ಯಾರಾದರೂ ಜಗಲಿಯ ಮುಂದೆ ನಿಂತು ಮಗು ಲಕ್ಷಣವಾಗಿದೆ ಅಂದುಬಿಟ್ಟರೆ ಮುಗಿಯಿತು. ಅಜ್ಜಿ ಮೂರು ಸಲ ಪಕ್ಕಕ್ಕೆ ಥೂ ಥೂ ಎಂದು ಉಗಿದು, ಲಕ್ಷಣ ಎಲ್ಲಿಂದ ಬರಬೇಕು, ಕಾಗೆ ಕುಕ್ಕಿದ ಸೀಬೆಕಾಯಿ ಇದ್ದ ಹಾಗಿದೆ ಮುಖ ಎಂದು ಅವರ ಬಾಯಿ ಮುಚ್ಚಿಸುತ್ತಿದ್ದಳು. ಅವರು ಬೀದಿಯ ತಿರುವು ದಾಟಿದ ಮೇಲೆ ಉಪ್ಪು, ಒಣಮೆಣಸಿನಕಾಯಿ ಹಿಡಿದು ಮಗುವಿಗೆ ನಿವಾಳಿಸಿ ಒಲೆಗೆ ಹಾಕುವಳು. ಘಾಟು ಬಂದರೆ ಸದ್ಯ, ಏನೂ ಆಗಿಲ್ಲ. ಬರದಿದ್ದರೆ ದೃಷ್ಟಿ ತಾಗಿತ್ತು ಅಂತ ಅರ್ಥ. ಒಂದು ಒಳ್ಳೆಯ ಮಾತಿಗಾಗಿ ಹಂಬಲಿಸಿಕೊಂಡೇ ಬೆಳೆದ ಹುಡುಗಿಗೆ, ಆ ಬೈಗುಳವೆಲ್ಲ ಮಕ್ಕಳ ಸುತ್ತ ಹಾಕಿದ್ದ ಬೇಲಿ ಎಂದು ತಿಳಿಯುವ ಹೊತ್ತಿಗೆ ಅಜ್ಜಿ ಸತ್ತು ಎಷ್ಟೋ ವರ್ಷವಾಗಿತ್ತು.

ಈಗ ಆ ಕಾಲ ಎಲ್ಲಿದೆ ಹೇಳಿ. ಮಗು ಹುಟ್ಟಿ ಕಣ್ಣು ಬಿಡುವ ಮೊದಲೇ ಅದರ ಫೋಟೋ ನೂರು ಮೊಬೈಲು ಸುತ್ತಿ ಬಂದಿರುತ್ತದೆ. ರಾಜಕುಮಾರಿ, ಬಂಗಾರ, ಮುತ್ತು ಅಂತ ಕೆಳಗೆ ಹೂವಿನ ಸಾಲು. ಅದರಲ್ಲಿ ತಪ್ಪೇನಿದೆ ಎಂದು ಪುಷ್ಪಾವತಿಯೇ ವಾದ ಮಾಡುತ್ತಾಳೆ. ಆದರೆ ಅಂಥದೊಂದು ಫೋಟೋ ಕಂಡ ಕೂಡಲೇ ಅವಳ ಬಾಯಿಂದ ಥೂ ಥೂ ಹೊರಟೇ ಬಿಡುತ್ತದೆ. ಐವತ್ತಾರು ವರ್ಷದ ಅಭ್ಯಾಸ, ಬಿಡು ಅಂದರೆ ಬಿಡುತ್ತದೆಯೇ.

ಮದುವೆಯಾಗಿ ಹಾಸನಕ್ಕೆ ಬಂದವಳು ಅವಳು. ಗಂಡ ರುದ್ರೇಶ ಆಗಲೂ ಆಟೋ ಓಡಿಸುತ್ತಿದ್ದ, ಈಗಲೂ ಓಡಿಸುತ್ತಾನೆ. ಊರಿನ ಒಂದು ಮಕ್ಕಳ ಆಸ್ಪತ್ರೆಯಲ್ಲಿ ಆಯಾ ಬೇಕು ಎಂದು ಅವನೇ ಸುದ್ದಿ ತಂದದ್ದು. ಎರಡು ತಿಂಗಳು ಮಾಡಿ ಬಿಡೋಣ ಎಂದುಕೊಂಡು ಹೋದವಳು ಇಪ್ಪತ್ತೇಳು ವರ್ಷದಿಂದ ಅಲ್ಲೇ ಇದ್ದಾಳೆ. ಮಗುವಿನ ಮೈ ಒರೆಸುವುದು, ಬಟ್ಟೆ ಬದಲಿಸುವುದು, ಬೆನ್ನು ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸುವುದು ಅವಳ ಕೆಲಸ. ಕಾಗದದಲ್ಲಿ ಬರೆಯುವ ಕೆಲಸ ಯಾವುದೂ ಅವಳದಲ್ಲ. ಹಾಗಾಗಿ ಅವಳು ಕಂಡದ್ದು ಯಾವ ಕಾಗದದಲ್ಲೂ ಇಲ್ಲ.

ಆಗಿನ ವಾರ್ಡು ಅಂದರೆ ಒಂದು ಉದ್ದನೆಯ ಹೆಂಚಿನ ಕೋಣೆ. ಎರಡು ಕಡೆಯೂ ಕಿಟಕಿ. ಬೆಳಿಗ್ಗೆ ಆಯಿತು ಎಂದು ಗಡಿಯಾರ ನೋಡಿ ತಿಳಿಯಬೇಕಾಗಿರಲಿಲ್ಲ, ಹೊಂಗೆಮರದ ಮೈನಾಗಳೇ ಹೇಳುತ್ತಿದ್ದವು. ಪ್ರತಿ ಮಂಚದ ಅಂಚಿನಲ್ಲೂ ಒಬ್ಬ ಅವ್ವ ಕೂತಿರುತ್ತಿದ್ದಳು, ಕೆಳಗೆ ಚಾಪೆಯ ಮೇಲೆ ಒಬ್ಬ ಅಜ್ಜಿ. ಮಧ್ಯಾಹ್ನವಾದರೆ ಹತ್ತು ಮನೆಯ ಸಾರಿನ ವಾಸನೆ ಒಟ್ಟಿಗೆ ಏಳುತ್ತಿತ್ತು. ಸಂಜೆ ಒಬ್ಬಳು ಜೋಗುಳ ಶುರು ಮಾಡಿದರೆ ಆಚೆ ಮಂಚದ ಮಗುವೂ ನಿದ್ದೆ ಹೋಗುತ್ತಿತ್ತು. ಪುಷ್ಪಾವತಿ ಇವತ್ತಿಗೂ ಗಾಜಿನ ಬಾಗಿಲು ತಳ್ಳಿ ಐಸಿಯು ಒಳಗೆ ಕಾಲಿಟ್ಟಾಗ, ಆ ತಣ್ಣನೆ ಗಾಳಿ, ಹಗಲೂ ರಾತ್ರಿ ಆರದ ಟ್ಯೂಬ್‌ಲೈಟು, ಮೆಷಿನ್ನಿನ ಕೀಂ ಕೀಂ ಎದುರಾದಾಗ, ಹಳೇ ವಾರ್ಡಿಗಾಗಿ ಅವಳ ಜೀವ ಒಂದು ಗಳಿಗೆ ಕೊರಗುತ್ತದೆ. ಆದರೆ ಸುಳ್ಳು ಹೇಳುವ ಹೆಂಗಸಲ್ಲ ಅವಳು. ಆ ವಾರ್ಡಿನಿಂದ ಬಿಳಿ ಬಟ್ಟೆ ಸುತ್ತಿ ಹೊರಗೆ ಕೊಟ್ಟ ಮಕ್ಕಳು ಈಗಿನದಕ್ಕಿಂತ ಎಷ್ಟೋ ಹೆಚ್ಚು ಎಂದೂ ಅವಳೇ ಹೇಳುತ್ತಾಳೆ.

ಆ ದಿನಗಳಿಂದಲೂ ಅವಳು ಒಂದನ್ನು ಗಮನಿಸಿದ್ದಳು. ಜ್ವರ ಇಳಿದಿರುತ್ತದೆ, ಉಸಿರು ಸರಿಹೋಗಿರುತ್ತದೆ, ಡಾಕ್ಟರು ಇನ್ನು ಭಯವಿಲ್ಲ ಅಂದಿರುತ್ತಾರೆ. ಆದರೂ ಕೆಲವು ಮಕ್ಕಳು ಬಂದಿರುವುದಿಲ್ಲ. ಕಣ್ಣು ತೆರೆದಿರುತ್ತದೆ, ನೋಟ ಯಾರ ಮೇಲೂ ನಿಲ್ಲುವುದಿಲ್ಲ. ಬರಿಗಾಳಿಯಲ್ಲಿ ಏನೋ ಹಿಡಿಯಲು ಕೈ ಹೋಗುತ್ತದೆ, ಹೊದಿಕೆಯ ನೂಲು ಕೀಳುತ್ತವೆ, ಹಗಲೆಲ್ಲ ಮಂಪರು, ಕತ್ತಲಾದರೆ ಒದ್ದಾಟ. ಹೆತ್ತವ್ವ ಎತ್ತಿಕೊಂಡರೂ ಒಂದೇ, ಆಯಾ ಎತ್ತಿಕೊಂಡರೂ ಒಂದೇ. ನರ್ಸುಗಳ ಹತ್ತಿರ ಅವಳು, ಈ ಮಗು ಇನ್ನೂ ಬಂದಿಲ್ಲ ಎಂದು ಹೇಳುತ್ತಿದ್ದಳು. ಅವರು ನಕ್ಕು, ಎಲ್ಲಿಗೆ ಹೋಗಿದೆ ಪುಷ್ಪಮ್ಮ, ಬಸ್ಸು ಹತ್ತಿಸಿ ಬಿಟ್ಟಿರಾ ಎನ್ನುತ್ತಿದ್ದರು.

ಅವಳೂ ಎಡವಿದ್ದುಂಟು. ಅರಕಲಗೂಡಿನ ಕಡೆಯ ಅನಿಲ್‌ಕುಮಾರ್ ಅಂತ ನಾಲ್ಕು ವರ್ಷದ ಹುಡುಗ. ಒದ್ದಾಟವಿಲ್ಲ, ಅಳುವಿಲ್ಲ, ಸೂಜಿ ಚುಚ್ಚಿದರೂ ಸುಮ್ಮನೆ ಮಲಗಿರುತ್ತಿದ್ದ. ಎಷ್ಟು ಒಳ್ಳೆ ಮಗು, ಒಂದಿಷ್ಟೂ ಗೋಳಿಲ್ಲ ಎಂದು ಎಲ್ಲರೂ ಅಂದರು, ಪುಷ್ಪಾವತಿಯೂ ಅಂದಳು. ಆರು ತಿಂಗಳಾದ ಮೇಲೆ ಅವನ ತಾಯಿ ಬಂದು, ಮಲಗಿದಲ್ಲಿಂದ ಚೀರಿಕೊಂಡು ಏಳುತ್ತಾನೆ, ಗೋಡೆಯಿಂದ ಹುಳ ಇಳಿಯುತ್ತವೆ ಅನ್ನುತ್ತಾನೆ, ಇಲ್ಲಿದ್ದಾಗಲೂ ಕಾಣುತ್ತಿದ್ದವಂತೆ ಎಂದಳು. ಆ ಮಗು ಸುಮ್ಮನೆ ಮಲಗಿದ್ದದ್ದು ನೆಮ್ಮದಿಯಿಂದಲ್ಲ, ದಿಗಿಲಿನಿಂದ. ಅಂದಿನಿಂದ ಸುಮ್ಮನಿರುವ ಮಗುವನ್ನು ಕಂಡರೆ ಅವಳಿಗೆ ನೆಮ್ಮದಿಯಿಲ್ಲ.

ನಾಲ್ಕು ವರ್ಷದ ಹಿಂದೆ ಕೋಮಲಾ ಡಾಕ್ಟರು ಬಂದರು. ಬೆಂಗಳೂರಿನವರು, ಚಿಕ್ಕ ವಯಸ್ಸು. ಒಂದು ದಿನ ಎಲ್ಲರನ್ನೂ ಕೂರಿಸಿಕೊಂಡು, ಇದಕ್ಕೆ ಡೆಲಿರಿಯಂ ಅಂತ ಹೆಸರು, ದೊಡ್ಡ ಕಾಯಿಲೆಯಲ್ಲಿ ಮೆದುಳು ದಿಕ್ಕು ತಪ್ಪುತ್ತದೆ, ಎಳೆ ಕೂಸಿಗೂ ಆಗುತ್ತದೆ, ಗುರುತಿಸಿದರೆ ವಾಪಸ್ಸು ತರಬಹುದು ಎಂದು ವಿವರಿಸಿದರು. ಎತ್ತಿಕೊಂಡವರ ಕಣ್ಣನ್ನು ಮಗು ನೋಡುತ್ತದೆಯೇ, ಸುತ್ತ ಏನಿದೆ ಎಂಬ ಪರಿವೆ ಇದೆಯೇ ಎಂದು ಕೇಳುವ ಒಂದು ಕಾಗದ ತೋರಿಸಿದರು. ಪುಷ್ಪಾವತಿಗೆ ಖುಷಿಯೂ ಆಯಿತು, ಸಿಟ್ಟೂ ಬಂತು. ಇದನ್ನೇ ತಾನೇ ನಾನು ಇಪ್ಪತ್ತು ವರ್ಷದಿಂದ ಬಾಯಿ ಬಡಿದುಕೊಂಡಿದ್ದು ಎಂದು ಮನೆಗೆ ಬಂದು ರುದ್ರೇಶನ ಮೇಲೆ ಹಾರಾಡಿದಳು, ಅವನೇ ಕೇಳದೆ ಬಿಟ್ಟವನ ಹಾಗೆ.

ಪ್ರೇಕ್ಷಾ ಬಂದದ್ದು ಹೋದ ಕಾರ್ತಿಕದಲ್ಲಿ. ಚನ್ನರಾಯಪಟ್ಟಣದ ಆಚೆಯ ಹಳ್ಳಿ, ಎರಡೂವರೆ ವರ್ಷ. ಎದೆಯಲ್ಲಿ ನ್ಯುಮೋನಿಯಾ ಕಟ್ಟಿ ಉಸಿರು ಸಿಗದೆ ತುಟಿ ನೀಲಿಯಾಗಿತ್ತು. ಅಪ್ಪ ನಂಜುಂಡೇಶ್ ಪಟ್ಟಣದ ತೆಂಗಿನಕಾಯಿ ಮಂಡಿಯಲ್ಲಿ ಕೆಲಸಕ್ಕಿರುವವನು. ತಾಯಿ ನಾಗಲಕ್ಷ್ಮಿ ಎರಡನೆಯದನ್ನು ಹೆತ್ತು ಹೊಳೆನರಸೀಪುರದ ತವರಿನಲ್ಲಿ ಬಾಣಂತಿ. ಹಾಗಾಗಿ ಮಗುವಿನ ಜೊತೆ ಬಂದವಳು ಅಪ್ಪನ ತಾಯಿ ಪುಟ್ಟಲಕ್ಷ್ಮಮ್ಮ. ಪುಷ್ಪಾವತಿ ಆ ವಾರ ಊರಿನಲ್ಲಿ ನಾಮಕರಣ ಎಂದು ರಜೆ ಹಾಕಿದ್ದಳು. ಅವಳಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಸೇರಿಸಿಕೊಳ್ಳುವಾಗ ಕೇಳುವಂತೆ ಕೋಮಲಾ ಡಾಕ್ಟರು ಕೇಳಿದರು: ಕಾಯಿಲೆ ಬರುವ ಮುಂಚೆ ಮಗು ಹೇಗಿತ್ತು? ಮಾತಾಡುತ್ತಿತ್ತಾ, ಮನೆಯವರನ್ನು ಗುರುತಿಸುತ್ತಿತ್ತಾ? ಪುಟ್ಟಲಕ್ಷ್ಮಮ್ಮ ಒಂದು ಕ್ಷಣವೂ ಯೋಚಿಸಲಿಲ್ಲ. ಏನೂ ತಿಳಿಯದ ಪೆದ್ದು ಮುಂಡೇದು, ಎರಡು ಮಾತು ಬಂದರೆ ಹೆಚ್ಚು, ಯಾರು ಎತ್ತ ಎಂಬ ಗುರುತೂ ಇಲ್ಲ ಎಂದು ಹೇಳಿಬಿಟ್ಟಳು. ನಂಜುಂಡೇಶ ಪಕ್ಕದಲ್ಲೇ ಇದ್ದ. ಹಿರಿಯರ ಎದುರಿಗೆ ಅಪ್ಪನಾದವನು ತನ್ನ ಕೂಸನ್ನು ತಾನೇ ಹೊಗಳಿಕೊಳ್ಳುವ ರೂಢಿ ಆ ಮನೆಯಲ್ಲಿಲ್ಲ. ತಲೆ ತಗ್ಗಿಸಿ ನಿಂತ. ಡಾಕ್ಟರು, ಬೆಳವಣಿಗೆ ಮೊದಲಿನಿಂದಲೂ ಕುಂಠಿತ ಎಂದು ಬರೆದುಕೊಂಡರು.

ಪುಷ್ಪಾವತಿ ಕೆಲಸಕ್ಕೆ ವಾಪಸ್ಸು ಬಂದಾಗ ಉಸಿರಿಗೆಂದು ಮಗುವಿನ ಬಾಯಿಗೆ ಹಾಕಿದ್ದ ಪೈಪು ತೆಗೆದು ಮೂರು ದಿನವಾಗಿತ್ತು. ಎದೆ ಚೆನ್ನಾಗಿತ್ತು. ಮಗು ಚಾವಣಿ ನೋಡುತ್ತಾ ಮಲಗಿತ್ತು. ಮಗ್ಗುಲು ತಿರುಗಿಸಲು ಎತ್ತಿಕೊಂಡರೆ ಒದ್ದೆ ಬಟ್ಟೆಯಂತೆ ಹೆಗಲಿಗೆ ಬಿತ್ತು. ಬೆರಳು ಮಾತ್ರ ಗಾಳಿಯಲ್ಲಿ ಏನನ್ನೋ ಹೆಕ್ಕುತ್ತಿತ್ತು. ಈ ಮಗು ಬಂದಿಲ್ಲ ಮೇಡಂ ಎಂದಳು. ಕೋಮಲಾ ಡಾಕ್ಟರು ಬೇಸರದಿಂದಲೇ, ಮನೆಯಲ್ಲೂ ಹೀಗೇ ಇತ್ತಂತೆ ಪುಷ್ಪಮ್ಮ, ಅಜ್ಜಿಯೇ ಹೇಳಿದ್ದಾರೆ ಎಂದರು. ಸಂಜೆಯಾದರೆ ಒದ್ದಾಡಿ ಸೂಜಿ ಕಿತ್ತುಕೊಳ್ಳುತ್ತದೆಂದು ಕೈಗೆ ಬಟ್ಟೆ ಸುತ್ತಿ ಮಂಚಕ್ಕೆ ಕಟ್ಟಿದ್ದರು. ಮತ್ತೂ ಒದ್ದಾಡಿದರೆ ಮಂಪರಿನ ಔಷಧಿ. ಅಂಥ ಔಷಧಿ ಇಂಥ ಮಗುವನ್ನು ಇನ್ನೂ ಆಳಕ್ಕೆ ತಳ್ಳುತ್ತದೆ ಎಂದು ಕಲಿಸಿದ್ದೂ ಕೋಮಲಾ ಡಾಕ್ಟರೇ. ಆದರೆ ಹುಟ್ಟಿದಾಗಿನಿಂದ ಹೀಗಿರುವ ಮಗು ಎಂದು ಕಾಗದ ಹೇಳುವಾಗ ಅವರು ತಾನೇ ಏನು ಮಾಡಿಯಾರು.

ಮಧ್ಯಾಹ್ನ ಮೆಟ್ಟಿಲ ಹತ್ತಿರ ಪುಟ್ಟಲಕ್ಷ್ಮಮ್ಮ ಸೊಸೆಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಕಾಯಿಲೆ ಎಷ್ಟು ದೊಡ್ಡದೆಂದು ಬಾಣಂತಿಗೆ ಹೇಳಿರಲಿಲ್ಲವಾದ್ದರಿಂದ ದನಿಯಲ್ಲಿ ಇಲ್ಲದ ನಗು ತಂದುಕೊಂಡಿದ್ದಳು. ಬಕೆಟ್ಟು ಹಿಡಿದು ಇಳಿಯುತ್ತಿದ್ದ ಪುಷ್ಪಾವತಿಯ ಕಿವಿಗೆ ಒಂದು ಮಾತು ಬಿತ್ತು.

'ಇವ್ಳಿಲ್ದೆ ಕೋಳಿ ಒಂದೂ ಗೂಡ್ ಸೇರ್ತಿಲ್ವಂತೆ ಕಣವ್ವ. ನಿಮ್ ಮಾವ ಕರುದ್ರೆ ಅವು ಬತ್ತವಾ?'

ಪುಷ್ಪಾವತಿ ಬಕೆಟ್ಟು ಅಲ್ಲೇ ಇಟ್ಟಳು. ಕೋಳಿ ಕರೆದು ಗೂಡಿಗೆ ಸೇರಿಸುವ ಮಗು ಪೆದ್ದು ಹೇಗಾದೀತು? ಅವಳಿಗೆ ಎಲ್ಲವೂ ಒಂದೇ ಏಟಿಗೆ ಅರ್ಥವಾಯಿತು. ಅರ್ಥವಾಗದಿರಲು ಅವಳೇನು ಬೆಂಗಳೂರಿನವಳೇ. ಫೋನು ಮುಗಿಯುವ ತನಕ ಕಾದು ಪಕ್ಕದಲ್ಲಿ ಕೂತು, ಮಗುವಿಗೆ ಎಲ್ಲಾ ಗೊತ್ತಾಗುತ್ತಿತ್ತು ಅಲ್ಲವೇ ಅಕ್ಕ ಎಂದು ಕೇಳಿದಳು. ಪುಟ್ಟಲಕ್ಷ್ಮಮ್ಮ ಮುಖ ಬೇರೆ ಕಡೆ ತಿರುಗಿಸಿ, ಏನು ಗೊತ್ತಾಗುತ್ತಿತ್ತು, ದಡ್ಡ ಶಿಖಾಮಣಿ ಎಂದಳು. ನೀವು ಹಾಗಂದಿದ್ದನ್ನೇ ಡಾಕ್ಟರು ಬರೆದುಕೊಂಡಿದ್ದಾರೆ, ಮಗು ಇರುವುದೇ ಹೀಗೆ ಎಂದುಕೊಂಡು ಬಿಟ್ಟಿದ್ದಾರೆ ಎಂದು ಪುಷ್ಪಾವತಿ ಬಿಡಿಸಿ ಹೇಳಿದಳು.

'ಬರ್ಕಳ್ಳಿ ಬುಡವ್ವ. ಪೆದ್ದಿ ಅಂತ ಬರ್ಕಂಡ್ರೆ ಯಮ್ನೂ ಬುಟ್ಟೋಯ್ತನೆ.'

ಆಮೇಲೆ ಸೆರಗಿನ ತುದಿ ಸುತ್ತುತ್ತಾ ಬಿಡುತ್ತಾ ಪುಟ್ಟಲಕ್ಷ್ಮಮ್ಮ ಹೇಳಿದ ವಿಷಯ ಇದು. ನಂಜುಂಡೇಶನಿಗಿಂತ ಮೊದಲು ಅವಳಿಗೊಂದು ಹೆಣ್ಣು ಮಗು ಇತ್ತು. ಮೂರು ವರ್ಷ. ಪಟ್ಟಣದಲ್ಲಿ ನೆಂಟರ ಮದುವೆಗೆ ಎತ್ತಿಕೊಂಡು ಹೋಗಿದ್ದಳು. ಯಾರೋ ಹೆಂಗಸು ಕೆನ್ನೆ ಹಿಂಡಿ, ಇದೇನು ತಾಯಿ, ಗೊಂಬೆ ಹೆತ್ತಿದ್ದೀಯ ಎಂದಳು. ಹರೆಯದ ಬುದ್ಧಿ, ಪುಟ್ಟಲಕ್ಷ್ಮಮ್ಮ ಬೀಗಿಬಿಟ್ಟಳು. ಹೌದು ಕಣಕ್ಕ, ಮಾತೂ ಅಷ್ಟೇ ಚೆಂದ, ಕೇಳಿ ಬೇಕಾದರೆ ಎಂದು ನಾಲ್ಕು ಜನರ ಮುಂದೆ ಮಾತಾಡಿಸಿ ತೋರಿಸಿದಳು. ಮೂರನೇ ದಿನಕ್ಕೆ ಜ್ವರ, ಐದನೇ ದಿನಕ್ಕೆ ಮಗು ಇಲ್ಲ. ಆವತ್ತಿನಿಂದ ಮಗನನ್ನಾಗಲಿ ಮೊಮ್ಮಗಳನ್ನಾಗಲಿ ಅವಳು ಬಾಯಿಬಿಟ್ಟು ಒಳ್ಳೆಯದು ಅಂದವಳಲ್ಲ.

ಕೊಂದದ್ದು ಜ್ವರ, ನಿಮ್ಮ ಮಾತಲ್ಲ ಎಂದು ಪುಷ್ಪಾವತಿ ಹೇಳಬಹುದಿತ್ತು. ಹೇಳಲಿಲ್ಲ. ಇಷ್ಟು ವರ್ಷ ಆಸ್ಪತ್ರೆಯಲ್ಲಿ ದುಡಿದರೂ ಆ ಭಯ ಅವಳಲ್ಲೇ ಅರ್ಧ ಹಾಗೇ ಉಳಿದಿತ್ತು, ಇನ್ನೊಬ್ಬಳಿಗೆ ಯಾವ ಬಾಯಲ್ಲಿ ಬುದ್ಧಿ ಹೇಳುವುದು. ಆ ಹೆಂಗಸಿನ ಕೈ ಹಿಡಿದುಕೊಂಡಳು.

'ಅಕ್ಕ, ಕೂಸು ಒಳ್ಗೆಲ್ಲೋ ದಾರಿ ತಪ್ಪೋಗದೆ. ಅಂತದೊಂದು ಕೂಸು ಇತ್ತು ಅಂತ ನೀವೇ ಯೋಳ್ದೆ ಇದ್ರೆ, ಉಡ್ಕೋರ್ ಯಾರು?'

ಪುಟ್ಟಲಕ್ಷ್ಮಮ್ಮ ಎರಡು ಸಲ ಎದ್ದಳು, ಎರಡು ಸಲ ಕೂತಳು. ಕೊನೆಗೆ ಒಪ್ಪಿದಳು, ಷರತ್ತಿನ ಮೇಲೆ. ಮಗುವಿನ ಹತ್ತಿರ ನಿಂತು ಹೇಳುವುದಿಲ್ಲ. ಯಾರ ಮುಖ ನೋಡಿಯೂ ಹೇಳುವುದಿಲ್ಲ. ಒಂದೇ ಸಲ, ಇನ್ನೊಂದು ಸಲ ಕೇಳಬಾರದು.

ಕೋಮಲಾ ಡಾಕ್ಟರ ಚಿಕ್ಕ ಕೋಣೆಯಲ್ಲಿ ಪುಟ್ಟಲಕ್ಷ್ಮಮ್ಮ ಗೋಡೆಗೆ ಮುಖ ಮಾಡಿ ನಿಂತು, ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಡಾಕ್ಟರು ಏನೂ ತಿಳಿಯದೆ ಪುಷ್ಪಾವತಿಯನ್ನು ನೋಡಿದರು. ಅವಳು ಸುಮ್ಮನಿರಿ ಎಂದು ಕಣ್ಣಲ್ಲೇ ಬೇಡಿಕೊಂಡಳು.

'ನಮ್ ಕೂಸು ಬೋ ಜಾಣೆ ಕಣ್ರವ್ವ. ಥೂ. ಏಳ್ ಕೋಳಿಗೂ ಒಂದೊಂದ್ ಹೆಸ್ರು ಮಡಗವ್ಳೆ. ಥೂ. ನಂಗೆ ಮಂಡಿ ನೋಯ್ತದೆ ಅಂತ ನನ್ ಎಕ್ಡ ಅವ್ಳೇ ತತ್ತಳೆ, ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ ಮಡಗ್ತಳೆ. ಥೂ. ಅವ್ರವ್ವ ತವ್ರಿಗೋದಾಗ ನಾನ್ ಅಳ್ತಿದ್ದೆ ಅಂತ ನನ್ ಕಣ್ ಒರ್ಸುದ್ಲು. ಅಂತಾ ಕೂಸ ನಾ ಎಲ್ಲೂ ನೋಡಿಲ್ಲ.'

ಕೊನೆಯ ಮಾತಿಗೆ ಉಗಿಯುವುದನ್ನೂ ಮರೆತು ಅವಳು ಗೋಡೆಗೆ ಹಣೆ ಇಟ್ಟು ಅತ್ತಳು. ಬಾಗಿಲಲ್ಲಿ ನಿಂತಿದ್ದ ನಂಜುಂಡೇಶ ಅಂಗಿಯ ತೋಳಿನಿಂದ ಮುಖ ಉಜ್ಜಿಕೊಂಡ. ಕೋಮಲಾ ಡಾಕ್ಟರು ನಗಲಿಲ್ಲ. ಅದೊಂದಕ್ಕೆ ಪುಷ್ಪಾವತಿ ಅವರನ್ನು ಇವತ್ತಿಗೂ ಮೆಚ್ಚುತ್ತಾಳೆ. ಮೊದಲು ಬರೆದಿದ್ದ ಸಾಲನ್ನು ಹೊಡೆದು ಹಾಕಿ, ತಪ್ಪು ನನ್ನದು, ನಾನು ಇನ್ನೊಂದು ಸಲ ಬೇರೆ ರೀತಿ ಕೇಳಬೇಕಿತ್ತು ಎಂದರು.

ಅಂದೇ ಮಂಪರಿನ ಔಷಧಿ ಇಳಿಸತೊಡಗಿದರು. ಕೈಯ ಕಟ್ಟು ಬಿಚ್ಚಿದರು. ಮಂಚವನ್ನು ಇದ್ದ ಒಂದೇ ಕಿಟಕಿಯ ಹತ್ತಿರ ತಳ್ಳಿದರು, ಕತ್ತಲಾದ ಮೇಲೆ ಆ ಮೂಲೆಯ ಲೈಟು ಆರಿಸುವುದೆಂದಾಯಿತು. ಪುಟ್ಟಲಕ್ಷ್ಮಮ್ಮನಿಗೆ ದಿನವಿಡೀ ಒಳಗೆ ಕೂರಲು ಅಪ್ಪಣೆ ಸಿಕ್ಕಿತು. ಮನೆಯಲ್ಲಿ ಹೇಗೆ ಮಾತಾಡಿಸುತ್ತೀರೋ ಹಾಗೇ ಮಾತಾಡಿಸಿ ಎಂದರು ಡಾಕ್ಟರು. ಮನೆಯಲ್ಲಿ ಅವಳು ಮಾತಾಡಿಸುತ್ತಿದ್ದದ್ದು ಹೇಗೆ ಎಂದು ಅವರಿಗೇನು ಗೊತ್ತು. ಬೆಳಗಿನಿಂದ ಸಂಜೆಯವರೆಗೆ ಆ ಮೂಲೆಯಲ್ಲಿ ಬೈಗುಳದ ಮಳೆ. ಏಳೇ ಪೀಡೆ, ಎಷ್ಟೊತ್ತು ಬಿದ್ದುಕೊಂಡಿರುತ್ತೀಯ, ನಿನ್ನ ಕೋಳಿ ಯಾರು ಕಾಯಬೇಕು, ನಾನೇನು ನಿನ್ನ ಜೀತದಾಳಾ. ನರ್ಸುಗಳು ಮಾಸ್ಕಿನೊಳಗೇ ನಕ್ಕರು. ಪುಷ್ಪಾವತಿಗೆ ಮಾತ್ರ, ಹಳೇ ಹೆಂಚಿನ ವಾರ್ಡು ಗೋಡೆ ಒಡೆದುಕೊಂಡು ವಾಪಸ್ಸು ಬಂದಂತಾಗುತ್ತಿತ್ತು.

ಎರಡು ದಿನವಾದರೂ ಮಗು ಮಿಸುಕಲಿಲ್ಲ. ಮೂರನೇ ದಿನ ಮತ್ತೆ ಜ್ವರ ಬಂತು.

ಕೈಗೆ ಚುಚ್ಚಿದ್ದ ಸೂಜಿಯ ಜಾಗ ಕೀವಾಗಿದೆ, ಬದಲಿಸಿದ್ದೇವೆ, ಇಳಿಯುತ್ತದೆ ಎಂದರು ಡಾಕ್ಟರು. ಪುಟ್ಟಲಕ್ಷ್ಮಮ್ಮ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಅದೇ ಮೂರನೇ ದಿನ. ಪುಷ್ಪಾವತಿ ಹತ್ತಿರ ಹೋದರೆ ಮುಖ ಎತ್ತಿ ಒಂದೇ ಮಾತು ಅಂದಳು: 'ನನ್ ಬಾಯಿಂದ ಆಡುಸ್ಬುಟ್ಟೆ.' ಆಮೇಲೆ ಮಾತೇ ಬಿಟ್ಟಳು. ಬೈಗುಳವೂ ನಿಂತಿತು.

ಸಂಜೆ ಕೆಲಸ ಮುಗಿಸಿ ಮನೆಗೆ ಬಂದ ಪುಷ್ಪಾವತಿ ಚಪ್ಪಲಿಯನ್ನೂ ಸರಿಯಾಗಿ ಬಿಡದೆ ಅಡುಗೆಮನೆಗೆ ಹೋದಳು. ಉಪ್ಪು, ಒಣಮೆಣಸಿನಕಾಯಿ ಹಿಡಿದು, ಮಗು ಎದುರಿಗಿಲ್ಲವಲ್ಲ, ಆಸ್ಪತ್ರೆಯ ದಿಕ್ಕಿಗೇ ಮೂರು ಸುತ್ತು ನಿವಾಳಿಸಿ ಗ್ಯಾಸ್ ಒಲೆಯ ಉರಿಗೆ ಹಾಕಿದಳು. ಘಾಟು ಎದ್ದು ರುದ್ರೇಶ ಕೆಮ್ಮುತ್ತಾ ಹೊರಗೆ ಓಡಿದ. ಏನಾಗಿದೆ ನಿನಗೆ, ಐಸಿಯು ಕೆಲಸ ಮಾಡುವವಳು ಎಂದು ಬೀದಿಯಲ್ಲೇ ನಿಂತು ರೇಗಿದ. ಅವಳು ಕಣ್ಣು ಉರಿಯುತ್ತಾ ಆ ಹೊಗೆಯಲ್ಲೇ ನಿಂತಿದ್ದಳು. ಡಾಕ್ಟರ ಔಷಧಿಯೇ ಗುಣ ಮಾಡುವುದೆಂದು ಗೊತ್ತು. ಆದರೆ ಒಬ್ಬ ಮುದುಕಿಯ ಬಾಯಿ ಬಿಡಿಸಿದವಳು ತಾನು. ಆ ಮಗುವಿಗೆ ಏನಾದರೂ ಹೆಚ್ಚುಕಡಿಮೆಯಾದರೆ ಪುಟ್ಟಲಕ್ಷ್ಮಮ್ಮ ಸಾಯುವ ತನಕ ಎರಡು ಮಕ್ಕಳನ್ನು ಕೊಂದವಳಾಗಿ ಬದುಕುತ್ತಾಳೆ, ಎರಡನೆಯದಕ್ಕೆ ತಾನು ಕಾರಣ. ಇಪ್ಪತ್ತೇಳು ವರ್ಷದಲ್ಲಿ ಅವಳಿಗೆ ಅಷ್ಟು ಭಯ ಎಂದೂ ಆಗಿರಲಿಲ್ಲ.

ಮಾರನೇ ದಿನ ಜ್ವರ ಇಳಿಯಿತು. ಅದರ ಮಾರನೇ ದಿನ ಮೈ ಒರೆಸುವಾಗ ಮಗು ಪುಷ್ಪಾವತಿಯ ಕೈಯನ್ನು ತಳ್ಳಿತು. ಬರೀ ಒದ್ದಾಟವಲ್ಲ ಅದು, ಬೇಡ ಎಂದು ತಳ್ಳಿದ ತಳ್ಳು. ಅವಳು ಯಾರಿಗೂ ಹೇಳದೆ ಬಾಯಿ ಬಿಗಿಹಿಡಿದಳು. ಮಧ್ಯಾಹ್ನ ಕಿಟಕಿಯ ಬಿಸಿಲು ಹೊದಿಕೆಯ ಮೇಲೆ ಬಿದ್ದಿತ್ತು. ಪುಟ್ಟಲಕ್ಷ್ಮಮ್ಮ ಸ್ಟೂಲಿನ ಮೇಲೆ ಕೂತು ತೂಕಡಿಸುತ್ತಿದ್ದಳು. ಚಾವಣಿಯಿಂದ ಇಳಿದ ಮಗುವಿನ ನೋಟ ಅಜ್ಜಿಯ ಮುಖದ ಮೇಲೆ ನಿಂತಿತು, ನಿಂತೇ ಇತ್ತು. ಕೆಳತುಟಿ ನಡುಗಿತು. ಪೈಪಿನಿಂದ ಒಡೆದ ಗಂಟಲಲ್ಲಿ ಸದ್ದಿಲ್ಲದೆ ಅತ್ತಿತು, ಎರಡೂ ಕೈ ಅಜ್ಜಿಯ ಕಡೆಗೇ ಚಾಚಿತು. ಪುಷ್ಪಾವತಿ ಮುದುಕಿಯ ಭುಜ ಅಲ್ಲಾಡಿಸಿದಳು. ಪುಟ್ಟಲಕ್ಷ್ಮಮ್ಮ ಕಣ್ಣು ಬಿಟ್ಟು ನೋಡಿದಳು, ವೈರು ಟ್ಯೂಬು ಎಲ್ಲದರ ಸಮೇತ ಮಗುವನ್ನು ಮಡಿಲಿಗೆ ಎಳೆದುಕೊಂಡಳು.

ಒಂದು ತಿಂಗಳಾದ ಮೇಲೆ ತೋರಿಸಿಕೊಂಡು ಹೋಗಲು ಬಂದರು. ಈ ಸಲ ನಾಗಲಕ್ಷ್ಮಿಯೂ ಬಂದಿದ್ದಳು, ಹಸುಗೂಸನ್ನು ಎದೆಗವಚಿಕೊಂಡು. ಪ್ರೇಕ್ಷಾ ಬಂದಿದ್ದಾಳೆ ಎಂದು ಯಾರೋ ಹೇಳಿದ್ದೇ ತಡ, ಪುಷ್ಪಾವತಿ ಕೈ ಒರೆಸಿಕೊಳ್ಳುತ್ತಾ ಮೆಟ್ಟಿಲಿಳಿದು ಓಡಿದಳು. ಹದಿನೈದು ದಿನ ಎತ್ತಿದ ಮಗು, ಮೈಯ ಮಚ್ಚೆಯೆಲ್ಲ ಗೊತ್ತು. ಕೆನ್ನೆ ತುಂಬಿತ್ತು, ಎರಡು ಜುಟ್ಟು ಕಟ್ಟಿದ್ದರು. ಬಾರೇ ಎಂದು ಅವಳು ಎರಡೂ ಕೈ ಚಾಚಿದಳು.

ಮಗು ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿತು. ಇಂಥ ಮುಖ ತನಗೆ ಗೊತ್ತಿಲ್ಲ ಎಂದು ತೀರ್ಮಾನಿಸಿತು. ಆಮೇಲೆ ಆಸ್ಪತ್ರೆ ಕಿತ್ತುಹೋಗುವಂತೆ ಕಿರುಚಿ ಅಜ್ಜಿಯ ಕುತ್ತಿಗೆಯಲ್ಲಿ ಮುಖ ಹುದುಗಿಸಿತು. ಪುಟ್ಟಲಕ್ಷ್ಮಮ್ಮನಿಗೆ ಅವಮಾನವಾದಂತಾಯಿತು. ಅಷ್ಟು ನೋಡಿಕೊಂಡಿದ್ದಾರೆ, ಹೋಗೇ ಎಂದು ಮಗುವನ್ನು ಬಿಡಿಸಲು ನೋಡಿದಳು.

'ಬ್ಯಾಡ ಬುಡಿ ಅಕ್ಕ, ಅಳ್ಲಿ,' ಎಂದಳು ಪುಷ್ಪಾವತಿ. 'ಅವ್ರಜ್ಜಿ ಯಾರು, ನಾನ್ಯಾರು ಅಂತ ಈಗ ಗೊತ್ತಾಯ್ತದಲ್ಲ.'

ಎದೆಯಲ್ಲಿ ಏನೋ ಚುರುಕ್ ಅಂದದ್ದು ನಿಜ. ಮಗು ಅಳು ನಿಲ್ಲಿಸಲಿ ಎಂದು ಅವಳು ತಾನೇ ಕಂಬದ ಆಚೆಗೆ ಸರಿದು, ಅದಕ್ಕೆ ಕಾಣದಂತೆ ನಿಂತಳು.